ಮೊದಲ ಕೀಮೋಗೆ ಮುನ್ನ ಕೇಳಬೇಕಾದ ಪ್ರಶ್ನೆ

2018ರ ಫೆಬ್ರುವರಿಯಲ್ಲಿ ಪುಣೆಯ ಸಹ್ಯಾದ್ರಿ ಆಸ್ಪತ್ರೆಯಲ್ಲಿ ಅವಳಿ ಮಕ್ಕಳು ಹುಟ್ಟಿದಾಗ ಅವರ ತಂದೆ ತೀರಿಕೊಂಡು ವರ್ಷ ದಾಟಿತ್ತು. ಮಿದುಳಿನ ಕ್ಯಾನ್ಸರ್ ಆಗಿದ್ದ ಆ ಯುವಕನ ವೀರ್ಯವನ್ನು ಜರ್ಮನಿಯಲ್ಲಿ ಚಿಕಿತ್ಸೆಗೆ ಮೊದಲೇ ತೆಗೆದಿರಿಸಿದ್ದರು. ಬಾಡಿಗೆ ತಾಯಿಯ ಮೂಲಕ ಮೊಮ್ಮಕ್ಕಳನ್ನು ಪಡೆದ ಅಜ್ಜಿಯ ಬಗ್ಗೆ ದೇಶವೆಲ್ಲ ಮಾತಾಡಿತು. ಕೀಮೋ ಶುರುವಾಗುವ ಮುನ್ನ ವೀರ್ಯ ತೆಗೆದಿರಿಸಿ ಎಂದು ಜರ್ಮನಿಯ ವೈದ್ಯರು ಆಡಿದ ಆ ಒಂದು ಮಾತಿನ ಬಗ್ಗೆ ಯಾರೂ ಹೆಚ್ಚು ಯೋಚಿಸಲಿಲ್ಲ.

ವಿಜಯಪುರ, ಕಲಬುರಗಿ ಕಡೆಯಿಂದಲೂ ಜನ ಮಕ್ಕಳನ್ನು ಕರೆದುಕೊಂಡು ಪುಣೆಗೆ ಚಿಕಿತ್ಸೆಗೆ ಬರುತ್ತಾರೆ. ಕ್ಯಾನ್ಸರ್ ಎಂದು ಕೇಳಿದ ಗಳಿಗೆಯಲ್ಲಿ ಹೆತ್ತವರಿಗೆ ಬೇಕಿರುವುದು ಮಗುವಿನ ಜೀವವೊಂದೇ. ಇಪ್ಪತ್ತು ವರ್ಷದ ನಂತರ ಆ ಮಗುವಿಗೆ ಮಕ್ಕಳಾಗುತ್ತವೆಯೇ ಎಂಬ ಮಾತು ಅವರ ಬಾಯಿಂದ ಬರಲಾರದು. ಅದನ್ನು ವೈದ್ಯರೇ ಎತ್ತಬೇಕು. ಎಲ್ಲ ಮಕ್ಕಳಿಗೂ ಬಂಜೆತನದ ಅಪಾಯ ಒಂದೇ ಅಲ್ಲ, ನಿಜ. ಆದರೆ ಸೈಕ್ಲೋಫಾಸ್ಫಮೈಡ್‌ನಂಥ ಔಷಧದ ಹೆಚ್ಚಿನ ಪ್ರಮಾಣ, ಕಿಬ್ಬೊಟ್ಟೆಗೆ ಕೊಡುವ ವಿಕಿರಣ, ಅಸ್ಥಿಮಜ್ಜೆ ಕಸಿಗೆ ಮುಂಚಿನ ತೀವ್ರ ಕೀಮೋ, ಇವು ಅಂಡಾಶಯವನ್ನೂ ವೃಷಣವನ್ನೂ ಶಾಶ್ವತವಾಗಿ ಸುಟ್ಟುಬಿಡಬಲ್ಲವು.

ಮೈನೆರೆಯದ ಹುಡುಗಿಯ ಅಂಡಾಶಯದ ತುಣುಕನ್ನು ಸಣ್ಣ ಶಸ್ತ್ರಚಿಕಿತ್ಸೆಯಲ್ಲಿ ತೆಗೆದು ದ್ರವ ಸಾರಜನಕದಲ್ಲಿ ಇಟ್ಟು, ಮುಂದೆ ಅವಳಿಗೇ ಮರಳಿ ಕಸಿ ಮಾಡಬಹುದು. ಒಂಬತ್ತರ ವಯಸ್ಸಿನಲ್ಲಿ ಲೀಡ್ಸ್‌ನಲ್ಲಿ ಹಾಗೆ ತೆಗೆದಿಟ್ಟ ತುಣುಕಿನಿಂದ ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆಯಿದ್ದ ಒಬ್ಬಾಕೆ 2016ರಲ್ಲಿ ಲಂಡನ್ನಿನಲ್ಲಿ ತಾಯಿಯಾದರು. ಅಮೆರಿಕದ ಸಂತಾನ ವೈದ್ಯರ ಸಂಘ 2019ರಲ್ಲಿ ಈ ವಿಧಾನದ ಮೇಲಿದ್ದ ‘ಪ್ರಾಯೋಗಿಕ’ ಎಂಬ ಹಣೆಪಟ್ಟಿಯನ್ನು ಕಿತ್ತುಹಾಕಿತು. ಪ್ರಾಯಕ್ಕೆ ಬರದ ಹುಡುಗರ ವಿಷಯ ಇನ್ನೂ ಸಂಶೋಧನೆಯ ಹಂತದಲ್ಲಿದೆ; ನಮ್ಮ ಮಣಿಪಾಲದಲ್ಲೂ ಆ ಕೆಲಸ ನಡೆದಿದೆ. ರಕ್ತದ ಕ್ಯಾನ್ಸರ್ ಇದ್ದರೆ ತುಣುಕಿನ ಜೊತೆಗೇ ರೋಗದ ಕಣಗಳೂ ಮರಳಬಹುದು. ಇದನ್ನೂ ಮುಚ್ಚಿಡದೆ ಹೇಳಬೇಕು.

ಅಡ್ಡಿ ಇರುವುದು ದುಡ್ಡಿನಲ್ಲಿ ಮತ್ತು ಕಾನೂನಿನಲ್ಲಿ. ಆಯುಷ್ಮಾನ್ ಭಾರತ್ ಕೀಮೋಗೆ ಹಣ ಕೊಡುತ್ತದೆ, ಬಂಜೆತನದ ಚಿಕಿತ್ಸೆಯನ್ನು ಹೊರಗಿಡುತ್ತದೆ. ಕೀಮೋದಿಂದಲೇ ಆಗುವ ಬಂಜೆತನವನ್ನು ತಡೆಯುವ ಕೆಲಸ ಕ್ಯಾನ್ಸರ್ ಚಿಕಿತ್ಸೆಯದೇ ಭಾಗವಲ್ಲವೇ? 2021ರ ನೆರವಿನ ಸಂತಾನೋತ್ಪತ್ತಿ ಕಾಯ್ದೆ ದಾನಿಗಳ ವೀರ್ಯ, ಅಂಡ ಮತ್ತು ಭ್ರೂಣವನ್ನು ಹತ್ತು ವರ್ಷದವರೆಗೆ ಮಾತ್ರ ಇಡಲು ಬಿಡುತ್ತದೆ. ಚಿಕಿತ್ಸೆ ಪಡೆಯುವ ಹೆಣ್ಣಿಗೆ ಇಪ್ಪತ್ತೊಂದು ದಾಟಿರಬೇಕು. ಎಂಟು ವರ್ಷದ ಹುಡುಗಿ ತನಗಾಗಿಯೇ ಇಟ್ಟುಕೊಂಡ ಅಂಗಾಂಶಕ್ಕೆ ಎಷ್ಟು ವರ್ಷ ಎಂಬುದನ್ನು ಕೇಂದ್ರ ಸರ್ಕಾರ ನಿಯಮದಲ್ಲಿ ಸ್ಪಷ್ಟವಾಗಿ ಬರೆಯಲಿ. ಮಹಾರಾಷ್ಟ್ರ, ಕರ್ನಾಟಕಗಳ ಆರೋಗ್ಯ ಯೋಜನೆಗಳು ಮಗುವಿನ ಕೀಮೋಗೆ ಪೂರ್ವಾನುಮತಿ ಕೋರುವ ಅರ್ಜಿಯಲ್ಲೇ ಒಂದು ಸಾಲು ಸೇರಿಸಲಿ: ಸಂತಾನಶಕ್ತಿ ಉಳಿಸುವ ಬಗ್ಗೆ ಹೆತ್ತವರಿಗೆ ಅವರ ಭಾಷೆಯಲ್ಲಿ ತಿಳಿಸಲಾಗಿದೆಯೇ? ಅದರ ಕೆಳಗೆ ವೈದ್ಯರ ಸಹಿ ಇರಲಿ.