ಚಿತ್ರಮಂದಿರದಲ್ಲಿ ನಾಟಕ

2009ನೆಯ ಇಸವಿ ಜೂನ್ 25ರಂದು ಲಂಡನ್ನಿನ ನ್ಯಾಷನಲ್ ಥಿಯೇಟರಿನವರು ಫ್ರೆಂಚ್ ಕವಿ ರಾಸೀನನ 'ಫೇದ್ರ' ನಾಟಕವನ್ನು ತಮ್ಮ ರಂಗದ ಮೇಲೆ ಆಡುತ್ತಿದ್ದಂತೆಯೇ ಉಪಗ್ರಹದ ಮೂಲಕ ಊರೂರಿನ ಚಿತ್ರಮಂದಿರಗಳಿಗೆ ಕಳುಹಿಸಿದರು. ಆ ರಂಗಮಂದಿರದಲ್ಲಿ ಕುಳಿತು ನೋಡಬಲ್ಲವರು ಒಂಬೈನೂರಕ್ಕೆ ಮೀರರು. ಅಂದು ನೋಡಿದವರಾದರೋ ಸುಮಾರು 50,000 ಮಂದಿ. 2015ರಲ್ಲಿ ಕಂಬರ್‌ಬ್ಯಾಚ್ ಅಭಿನಯಿಸಿದ 'ಹ್ಯಾಮ್ಲೆಟ್' ನಾಟಕದ ಟಿಕೇಟುಗಳು ವರ್ಷದ ಮುಂಚೆಯೇ ತೀರಿಹೋಗಿದ್ದರೂ, ರಾಜಧಾನಿಗೆ ಹೋಗಲು ಹಣವೂ ಬಿಡುವೂ ಇಲ್ಲದ ಉಪಾಧ್ಯಾಯರು, ಗುಮಾಸ್ತೆಯವರು ಅದನ್ನು ತಮ್ಮೂರಿನಲ್ಲಿಯೇ ನೋಡಿ ಸಂತೋಷಪಟ್ಟರು.

ತೆರೆಯ ಮೇಲೆ ಕಂಡುದು ನಾಟಕವೇ ಎಂದು ಕೆಲವರು ಆಕ್ಷೇಪಿಸುವರು. ಆಕ್ಷೇಪವು ನಿರಾಧಾರವಲ್ಲ. ನಮ್ಮ ಚಪ್ಪಾಳೆ ನಟನ ಕಿವಿಗೆ ಬೀಳದು. ಯಾರ ಮುಖವನ್ನು ನೋಡಬೇಕೆಂಬುದನ್ನು ಕ್ಯಾಮೆರಾದವನೇ ನಿಶ್ಚಯಿಸುವನು. ಆದರೆ ಇದರಿಂದ ರಂಗಮಂದಿರಗಳು ಬರಿದಾಗುವುವೆಂಬ ಭಯ ಮಾತ್ರ ಸಲ್ಲದು. ಇಂಗ್ಲೆಂಡಿನಲ್ಲಿ ಈ ವಿಷಯವನ್ನು ಪರಿಶೀಲಿಸಿದ ಪಂಡಿತರಿಗೆ ಪ್ರೇಕ್ಷಕರ ಸಂಖ್ಯೆ ಕುಗ್ಗಿದುದು ಕಂಡುಬರಲಿಲ್ಲ.

ಮುಂಬಯಿಯ ಎನ್.ಸಿ.ಪಿ.ಎ. ಸಂಸ್ಥೆಯವರು ಲಂಡನ್ನಿನ ಈ ನಾಟಕಗಳನ್ನು ತೆರೆಯ ಮೇಲೆ ತೋರಿಸಿರುವರು. ಪರರ ನಾಟಕವನ್ನು ನೋಡುವುದು ದೋಷವಲ್ಲ. ನಮ್ಮದನ್ನು ನಮ್ಮವರಿಗೆ ತೋರಿಸದಿರುವುದೇ ದೋಷ. ಬಸವಪ್ಪಶಾಸ್ತ್ರಿಗಳು ಕಾಳಿದಾಸನ ಶಾಕುಂತಲವನ್ನೂ, 'ಶೂರಸೇನ ಚರಿತ್ರೆ'ಯ ರೂಪದಲ್ಲಿ ಒಥೆಲೋವನ್ನೂ ಕನ್ನಡಿಗರಿಗೆ ಕೊಟ್ಟರು. ಕುವೆಂಪು ಅವರು ಹ್ಯಾಮ್ಲೆಟ್ಟನ್ನು 'ರಕ್ತಾಕ್ಷಿ'ಯಾಗಿ ಮಾಡಿದರು. ಗುಬ್ಬಿ ವೀರಣ್ಣನವರ 'ಕುರುಕ್ಷೇತ್ರ'ದಲ್ಲಿ ಆನೆ ಕುದುರೆಗಳೇ ರಂಗವೇರಿದುವು. ಆ ವೈಭವವನ್ನು ಇಂದಿನ ಮಕ್ಕಳು ಹಿರಿಯರ ಬಾಯಿಂದ ಕೇಳಬೇಕೇ ಹೊರತು ಕಣ್ಣಾರೆ ಕಾಣಲಾರರು. ಈಗ ಆಡುತ್ತಿರುವ ಒಳ್ಳೆಯ ನಾಟಕಗಳಿಗೂ ಅದೇ ಗತಿ ಬರಬೇಕೇ?

ಹೆಗ್ಗೋಡಿನ ನೀನಾಸಂ ಸಂಸ್ಥೆಯ ತಿರುಗಾಟದ ತಂಡವು 1985ರಿಂದ ಊರೂರು ಸುತ್ತಿ ಶ್ಲಾಘ್ಯವಾದ ಸೇವೆಯನ್ನು ಮಾಡಿದೆ. ಆದರೆ ಒಂದು ತಂಡವು ಎಲ್ಲ ತಾಲ್ಲೂಕುಗಳನ್ನೂ ಮುಟ್ಟಲಾರದು. ಆದುದರಿಂದ ಸರ್ಕಾರದವರೂ ಮೈಸೂರಿನ ರಂಗಾಯಣದಂತಹ ಸಂಸ್ಥೆಗಳೂ ಕೂಡಿ ವರ್ಷಕ್ಕೆ ನಾಲ್ಕು ನಾಟಕಗಳನ್ನಾದರೂ ಅಚ್ಚುಕಟ್ಟಾಗಿ ಚಿತ್ರೀಕರಿಸಿ ತಾಲ್ಲೂಕಿನ ಚಿತ್ರಮಂದಿರಗಳಿಗೆ ಒದಗಿಸಬೇಕೆಂದು ನಾವು ಒತ್ತಾಯಪಡಿಸುತ್ತೇವೆ. ಟಿಕೇಟಿನ ದರ ಬಡ ವಿದ್ಯಾರ್ಥಿಗೂ ನಿಲುಕುವಂತಿರಲಿ. ಬಂದ ಹಣದಲ್ಲಿ ನಟರಿಗೆ ನ್ಯಾಯವಾದ ಪಾಲು ಸಲ್ಲಲಿ.

ಇದು ತಂಡಗಳಿಗೆ ಅನುದಾನವನ್ನು ಕಡಿತಗೊಳಿಸಲು ನೆಪವಾಗಕೂಡದು. ಒಂದು ಕಾಲದಲ್ಲಿ ಕಂಪೆನಿ ನಾಟಕಗಳ ಪ್ರೇಕ್ಷಕರನ್ನೂ ನಟರನ್ನೂ ಸಿನಿಮಾ ಸೆಳೆದುಕೊಂಡಿತು. ಆ ಋಣದಲ್ಲಿ ಅಲ್ಪಭಾಗವನ್ನು ತೀರಿಸುವ ಅವಕಾಶ ಚಿತ್ರಮಂದಿರಗಳ ಮಾಲೀಕರಿಗೆ ಈಗ ಒದಗಿದೆ. ವಾರದಲ್ಲಿ ಒಂದು ಸಂಜೆಯನ್ನು ಅವರು ಬಿಟ್ಟುಕೊಡಲಿ. ಆ ಸಂಜೆ ಆಸನಗಳನ್ನು ತುಂಬುವುದು ಊರಿನ ಮಹಾಜನರಿಗೆ ಸೇರಿದ ಕರ್ತವ್ಯ.