ಜೋಡೆತ್ತಿನ ಲೆಕ್ಕವೂ ಆಲೋಚನೆಯ ಹತ್ತು ದೋಷಗಳೂ

ಸಂಕ್ರಾಂತಿಯ ಆಸುಪಾಸಿನಲ್ಲಿ ಕೃಷ್ಣರಾಜನಗರ ಸೀಮೆಯ ಚುಂಚನಕಟ್ಟೆಯಲ್ಲಿ ಕೂಡುವ ದನಗಳ ಜಾತ್ರೆಯನ್ನು ಕಂಡವರಿಗೆ ಹಳ್ಳಿಕಾರ್ ಜೋಡಿಯೊಂದರ ಬೆಡಗನ್ನು ವಿವರಿಸಬೇಕಾಗಿಲ್ಲ. ಕಾವೇರಿಯ ದಡದ ಆ ಬಯಲಿನಲ್ಲಿ ಚಪ್ಪರ ಹಾಕಿ, ಕೊಂಬಿಗೆ ಅಣಸು, ಕೊರಳಿಗೆ ಗೆಜ್ಜೆ, ಬೆನ್ನಿಗೆ ಜೂಲು ತೊಡಿಸಿ, ತಮಟೆ ನಗಾರಿಗಳೊಡನೆ ಎತ್ತುಗಳನ್ನು ಮೆರವಣಿಗೆಯಲ್ಲಿ ತರುವ ರೈತನ ಮುಖದಲ್ಲಿ ಮದುವಣಿಗನ ತಂದೆಯ ಕಳೆಯಿರುತ್ತದೆ. ಆ ಜೋಡಿಯ ಬೆಲೆ ಲಕ್ಷಗಳ ಮಾತು. ಹುರುಳಿ, ಹಿಂಡಿ, ಬೂಸಾ, ಬೆಣ್ಣೆಗಳ ಖರ್ಚು ಬೇರೆ. ಉಳುಮೆಗೆ ಟ್ರ್ಯಾಕ್ಟರ್ ಬಂದು ಎಷ್ಟೋ ಕಾಲವಾದ ಮೇಲೆ ಇಂಥ ಎತ್ತುಗಳನ್ನು ಸಾಕುವುದು ಬೇಸಾಯದ ಅಗತ್ಯವಾಗಿ ಉಳಿದಿಲ್ಲ. ಊರವರ ಮಾತಿನಲ್ಲಿ ಅದು ಶೋಕಿ.

ಜಾತ್ರೆ ಮುಗಿದು ಎತ್ತುಗಳು ಮನೆಗೆ ಬಂದ ಸಂಜೆ ಇನ್ನೊಂದು ದೃಶ್ಯ ನಡೆಯುತ್ತದೆ. ಅದಕ್ಕೆ ತಮಟೆಯಿಲ್ಲ. "ಏನ್ರೀ, ನಿಜವಾಗ್ಲೂ ಎಷ್ಟಾಯ್ತು?" ಎಂದು ಹೆಂಡತಿ ಕೇಳುತ್ತಾಳೆ. "ಅಪ್ಪಾ, ಹಾಸ್ಟೆಲ್ ಫೀಸು ಕಟ್ಟೋಕೆ ಇನ್ನು ಹದಿನೈದೇ ದಿನ ಇರೋದು" ಎಂದು ಮಗಳು ಬಾಗಿಲ ಬಳಿ ನಿಂತು ನೆನಪಿಸುತ್ತಾಳೆ. ಮನೆಯ ಯಜಮಾನ ಮೊದಲು ಎತ್ತಿನ ಮೈಯನ್ನು ತಟ್ಟುತ್ತಾನೆ, ಆಮೇಲೆ ಒಂದು ಅಂಕಿಯನ್ನು ಹೇಳುತ್ತಾನೆ. ಆ ಅಂಕಿ ನಿಜವೇ ಅಲ್ಲವೇ ಎಂಬುದರ ಮೇಲೆ ಆ ಮನೆಯ ಮುಂದಿನ ಒಂದು ವರ್ಷದ ನೆಮ್ಮದಿ ನಿಂತಿದೆ.

ಎತ್ತಿನ ಜಾಗದಲ್ಲಿ ಬೇರೆ ವಸ್ತುವನ್ನಿಟ್ಟರೂ ದೃಶ್ಯ ಬದಲಾಗದು. ಹುಣಸೂರಿನ ವೀರನಹೊಸಹಳ್ಳಿಯಿಂದಲೋ ಹೆಗ್ಗಡದೇವನಕೋಟೆಯ ದಮ್ಮನಕಟ್ಟೆಯಿಂದಲೋ ನಾಗರಹೊಳೆಯ ಕಾಡಿಗೆ ಸಫಾರಿ ಹೊರಡುವವರ ಕೈಯಲ್ಲಿ ಒಂದು ಕಾರಿನ ಬೆಲೆಯ ಲೆನ್ಸ್ ಇರುವುದುಂಟು. ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಹರಾಜಿನ ಹಣ ಒಟ್ಟಿಗೆ ಕೈಸೇರಿದ ತಿಂಗಳು ಹೊಸ ಬೈಕುಗಳು ಬೀದಿಗಿಳಿಯುತ್ತವೆ. ವಸ್ತು ಯಾವುದಾದರೂ ಆಗಲಿ, ದುಬಾರಿ ಹವ್ಯಾಸವನ್ನು ಮನೆಯವರ ಮುಂದೆ ಸಮರ್ಥಿಸುವ ಕಷ್ಟ ಒಂದೇ.

ಜೈನಧರ್ಮವು ತ್ಯಾಗದ ಧರ್ಮ, ಹವ್ಯಾಸವೆಂದರೆ ಅದು ಬೇಡವೆಂದೇ ಹೇಳುತ್ತದೆ ಎಂದು ಭಾವಿಸುವವರಿದ್ದಾರೆ. ಇದು ಮುನಿಧರ್ಮವನ್ನೂ ಗೃಹಸ್ಥಧರ್ಮವನ್ನೂ ಬೆರೆಸಿದ ಮಾತು. ಚೆಂಗಾಳ್ವರ ಈ ಸೀಮೆಯಲ್ಲಿಯೇ ಹದಿನಾರನೆಯ ಶತಮಾನದ ಆರಂಭದಲ್ಲಿದ್ದ ಜೈನಕವಿ ಮೂರನೆಯ ಮಂಗರಸನು 'ಸಮ್ಯಕ್ತ್ವ ಕೌಮುದಿ'ಯಂಥ ಧರ್ಮಕಥೆಗಳ ಕಾವ್ಯವನ್ನು ಬರೆದ ಕೈಯಿಂದಲೇ ಅಡುಗೆಯ ಕುರಿತಾದ 'ಸೂಪಶಾಸ್ತ್ರ'ವನ್ನೂ ಬರೆದನು. ನಾಲಗೆಯ ರುಚಿಯನ್ನು ಬರವಣಿಗೆಗೆ ತಕ್ಕ ವಿಷಯವೆಂದು ಬಗೆದ ಪರಂಪರೆ ಗೃಹಸ್ಥನ ಸಂತೋಷವನ್ನು ಹಳಿಯುವ ಪರಂಪರೆಯಲ್ಲ. ಅದು ಕೇಳುವುದು ಅಳತೆಯನ್ನು. ಶ್ರಾವಕನ ಐದನೆಯ ಅಣುವ್ರತದ ಹೆಸರೇ ಪರಿಗ್ರಹ ಪರಿಮಾಣ. ಪರಿಮಾಣವೆಂದರೆ ಮಿತಿ, ತಾನೇ ಮುಂಚಿತವಾಗಿ ಹಾಕಿಕೊಂಡ ಮಿತಿ. ಉಮಾಸ್ವಾತಿಗಳ ತತ್ತ್ವಾರ್ಥಸೂತ್ರವು ಪರಿಗ್ರಹವನ್ನು ಗುರುತಿಸುವುದು ವಸ್ತುವಿನ ಎಣಿಕೆಯಿಂದಲ್ಲ, ವಸ್ತುವಿನ ಮೇಲೆ ಮನಸ್ಸು ಮೈಮರೆಯುವ ಮೂರ್ಛೆಯಿಂದ. ಆ ವ್ರತದಲ್ಲಿ ಅಳತೆಗೊಳಪಡುವ ವಸ್ತುಗಳ ಪಟ್ಟಿಯಲ್ಲಿ ಬರುವ 'ಧನ' ಎಂಬ ಪದಕ್ಕೆ ಪೂಜ್ಯಪಾದರ ವ್ಯಾಖ್ಯಾನವು ಹಸು ಮೊದಲಾದ ಪಶುಗಳೆಂದೇ ಅರ್ಥ ಹೇಳುತ್ತದೆ. ಹಟ್ಟಿಯ ಎತ್ತು ವ್ರತದ ಹೊರಗಿನ ವಿಷಯವಲ್ಲ.

ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದೇ ವ್ರತಕ್ಕೆ ಐದು ಅತಿಚಾರಗಳನ್ನು ಎಣಿಸುತ್ತಾರೆ: ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ. ಇವುಗಳಲ್ಲಿ ಮೊದಲನೆಯದೂ ಕೊನೆಯದೂ ಪಶುಗಳಿಗೆ ಸಂಬಂಧಿಸಿದವು. ಶಕ್ತಿ ಮೀರಿ ಓಡಿಸುವುದು, ಶಕ್ತಿ ಮೀರಿ ಹೊರಿಸುವುದು. ಇವು ಹಿಂಸೆಯ ಪಟ್ಟಿಯಲ್ಲಿರಬೇಕಾದವಲ್ಲವೇ ಎಂದು ಓದುಗನಿಗೆ ಅನ್ನಿಸಬಹುದು. ಅತಿಭಾರಾರೋಪಣವು ಅಹಿಂಸಾಣುವ್ರತದ ಅತಿಚಾರಗಳಲ್ಲಿಯೂ ಇದೆ; ಕಟ್ಟುವುದು, ಹೊಡೆಯುವುದು, ಅಂಗಚ್ಛೇದ, ಅನ್ನಪಾನ ನಿರೋಧಗಳ ಜೊತೆಯಲ್ಲಿ. ಪರಿಗ್ರಹದ ಕೆಳಗೂ ಅದನ್ನು ಇಟ್ಟುದರಲ್ಲಿ ಆಳವಾದ ತಿಳಿವಳಿಕೆ ಇದೆ. ಯಜಮಾನನ ಆಸೆ ಅಳತೆ ಮೀರಿದಾಗ ಅದರ ಭಾರ ಯಾರದೋ ಬೆನ್ನಿನ ಮೇಲೆ ಬೀಳುತ್ತದೆ. ಗೆಲ್ಲಲೇಬೇಕೆಂದು ಗಾಡಿ ಓಟದಲ್ಲಿ ಬಾರುಕೋಲು ಬೀಸುವವನ ಕೈಯಲ್ಲಿ ಆ ಭಾರ ಎತ್ತಿನ ಮೇಲೆ ಬೀಳುತ್ತದೆ. ಸಾಲ ಮಾಡಿ ಎತ್ತು ಕೊಂಡವನ ಮನೆಯಲ್ಲಿ ಅದು ಹೆಂಡತಿಯ ಮೇಲೆ ಬೀಳುತ್ತದೆ. ನಡುವಿನ 'ವಿಸ್ಮಯ'ವಂತೂ ಜಾತ್ರೆಯ ಬಯಲಿನ ಕಾಯಿಲೆಯೇ. ಪಕ್ಕದ ಚಪ್ಪರದ ಜೋಡಿಯನ್ನು ಕಂಡು ಬೆರಗಾಗಿ ಒಳಗೊಳಗೇ ಕುದಿಯುವುದರಿಂದಲೇ ಮುಂದಿನ ವರ್ಷದ ಸಾಲ ಹುಟ್ಟುತ್ತದೆ.

ಅಳತೆಯ ಮಾತು ಹೀಗಾದರೆ, ಹೇಳುವ ಬಗೆಯ ಮಾತು ಇನ್ನೊಂದು. ಕನ್ನಡದಲ್ಲಿ ಇಂದು ಆಲೋಚನೆ ಎಂದರೆ ಯೋಚನೆ. ಜೈನ ಪರಿಭಾಷೆಯಲ್ಲಿ ಆಲೋಚನೆ ಎಂದರೆ ತನ್ನಿಂದಾದ ದೋಷವನ್ನು ಗುರುವಿನ ಮುಂದೆ ಏನನ್ನೂ ಮರೆಮಾಚದೆ ನಿವೇದಿಸುವುದು. ಪ್ರಾಯಶ್ಚಿತ್ತಕ್ಕೆ ಅದೇ ಮೊದಲ ಮೆಟ್ಟಿಲು. ಮನುಷ್ಯ ತಪ್ಪೊಪ್ಪಿಕೊಳ್ಳುವಾಗಲೂ ಎಷ್ಟು ಜಾಣನೆಂಬುದನ್ನು ಬಲ್ಲ ಆಚಾರ್ಯರು ಆಲೋಚನೆಯ ಹತ್ತು ದೋಷಗಳನ್ನು ಪಟ್ಟಿ ಮಾಡಿದ್ದಾರೆ. ಅವು ಮುನಿಗಳಿಗಾಗಿ ಹೇಳಿದವು. ಆದರೂ ಜಾತ್ರೆಯಿಂದ ಮರಳಿದ ಗೃಹಸ್ಥನ ಮನೆಗೆ ಅವನ್ನು ಒಯ್ದರೆ ಒಂದೊಂದೂ ಗುರುತಿನ ಮುಖದಂತೆ ಕಾಣುತ್ತದೆ.

ಮೊದಲನೆಯದು ಆಕಂಪಿತ. ಉಪಕರಣಗಳನ್ನಿತ್ತು ಗುರುವಿನ ಮನ ಕರಗಿಸಿ ಆಮೇಲೆ ದೋಷ ಹೇಳುವುದು. ಎತ್ತಿನ ಬೆಲೆ ಹೇಳುವ ಮುನ್ನ ಹೆಂಡತಿಗೆ ಮೈಸೂರಿನಿಂದ ಸೀರೆ ತರುವವನು ಇದನ್ನು ಬಲ್ಲನು. ಎರಡನೆಯದು ಅನುಮಾನಿತ: ತನ್ನ ದುರ್ಬಲತೆಯನ್ನು ಮುಂದೊಡ್ಡಿ, ಶಿಕ್ಷೆ ಹಗುರವಾದೀತೆಂದು ಅಂದಾಜು ಮಾಡಿ ಹೇಳುವುದು. "ನನಗೆ ಬೇರೆ ಯಾವ ಚಟ ಇದೆ ಹೇಳು" ಎಂಬ ಮಾತು ಈ ಜಾತಿಯದು. ಮೂರನೆಯದು ದೃಷ್ಟ: ಕಂಡದ್ದನ್ನಷ್ಟೇ ಒಪ್ಪಿಕೊಳ್ಳುವುದು. ರಸೀದಿ ಸಿಕ್ಕಿದಷ್ಟೇ ಖರ್ಚು. ನಾಲ್ಕನೆಯದು ಬಾದರ: ದೊಡ್ಡದನ್ನು ಹೇಳಿ ಸಣ್ಣವನ್ನು ನುಂಗಿಕೊಳ್ಳುವುದು. ಎತ್ತಿನ ಬೆಲೆ ಹೊರಬರುತ್ತದೆ. ಚಪ್ಪರ, ವಾದ್ಯ, ಲಾರಿ ಬಾಡಿಗೆ, ಜೊತೆಗೆ ಬಂದವರ ಊಟ ಹೊರಬರುವುದಿಲ್ಲ. ಐದನೆಯದು ಸೂಕ್ಷ್ಮ: ಸಣ್ಣದನ್ನು ಪ್ರಾಮಾಣಿಕವಾಗಿ ಹೇಳಿ ಅದರ ಮರೆಯಲ್ಲಿ ದೊಡ್ಡದನ್ನು ಮುಚ್ಚುವುದು. ಗೆಜ್ಜೆಯ ಬೆಲೆಯನ್ನು ಪೈಸೆ ಲೆಕ್ಕದಲ್ಲಿ ಹೇಳಿದವನು ಜೋಡಿಯ ಬೆಲೆಯಲ್ಲಿ ಸುಳ್ಳಾಡಲಾರನೆಂದು ಮನೆಯವರು ನಂಬುತ್ತಾರೆ.

ಆರನೆಯದು ಛನ್ನ: "ಹೀಗೊಬ್ಬ ಮಾಡಿದರೆ ಅದಕ್ಕೇನು ಪ್ರಾಯಶ್ಚಿತ್ತ" ಎಂದು ಪರರ ಹೆಸರಿನಲ್ಲಿ ಕೇಳುವುದು. "ಪಕ್ಕದೂರಿನವನೊಬ್ಬ ಇಷ್ಟು ಲಕ್ಷ ಕೊಟ್ಟು ಜೋಡಿ ತಂದನಂತೆ, ನಿನಗೇನನ್ನಿಸುತ್ತೆ?" ಎಂದು ಊಟಕ್ಕೆ ಕೂತಾಗ ಕೇಳುವವನು ಅದಾಗಲೇ ಮುಂಗಡ ಕೊಟ್ಟು ಬಂದಿರುತ್ತಾನೆ. ಏಳನೆಯದು ಶಬ್ದಾಕುಲಿತ: ಗದ್ದಲದಲ್ಲಿ, ಕೇಳಿಯೂ ಕೇಳಿಸದಂತೆ ಹೇಳುವುದು. ಮಿಕ್ಸಿ ತಿರುಗುವಾಗ ಅಂಕಿ ಹೇಳಿ "ಅವತ್ತೇ ಹೇಳಿದ್ದೆನಲ್ಲ" ಎನ್ನುವುದು. ಎಂಟನೆಯದು ಬಹುಜನ: ಒಬ್ಬ ಗುರು ವಿಧಿಸಿದ್ದು ಭಾರವೆನಿಸಿ ಹಗುರವಾಗಿ ಹೇಳುವವರನ್ನು ಹುಡುಕುತ್ತ ಹೋಗುವುದು. ಹೆಂಡತಿ ಒಪ್ಪದಿದ್ದರೆ ತಾಯಿ, ತಾಯಿ ಒಪ್ಪದಿದ್ದರೆ ಅಕ್ಕ. ಒಂಬತ್ತನೆಯದು ಅವ್ಯಕ್ತ: ತಿಳಿಯದವರ ಮುಂದೆ ಹೇಳಿ ಮುಗಿಸುವುದು. ಲೆಕ್ಕ ಅರಿಯದ ವೃದ್ಧ ತಾಯಿ "ಆಗ್ಲಿ ಬಿಡು ಮಗಾ" ಎಂದದ್ದೇ ಮನೆಯ ಒಪ್ಪಿಗೆ ಎನ್ನುವುದು. ಹತ್ತನೆಯದು ತತ್ಸೇವಿ: ಅದೇ ದೋಷವುಳ್ಳವನ ಮುಂದೆ ನಿವೇದಿಸುವುದು. ಜಾತ್ರೆಯ ಗೆಳೆಯರೆದುರು ಖರ್ಚು ಹೇಳಿಕೊಂಡರೆ ಬೈಗುಳ ಬರುವುದಿಲ್ಲ, ಬೆನ್ನು ತಟ್ಟುವ ಕೈ ಬರುತ್ತದೆ.

ಈ ಹತ್ತನ್ನು ಕೇಳಿ ನಗುವವನು ಒಂದು ಕ್ಷಣವಾದರೂ ತನ್ನನ್ನು ಕಂಡಿರುತ್ತಾನೆ. ಆದರೆ ಇಲ್ಲಿ ನಗೆಗೆ ಮೀರಿದ ಮಾತೂ ಇದೆ. ಶಲ್ಯವಿಲ್ಲದವನೇ ವ್ರತಿ ಎಂಬುದು ತತ್ತ್ವಾರ್ಥಸೂತ್ರದ ನಿಲುವು. ಶಲ್ಯಗಳು ಮೂರು: ಮಾಯೆ, ಮಿಥ್ಯಾತ್ವ, ನಿದಾನ. ಇವುಗಳಲ್ಲಿ ಮಾಯೆ ಎಂದರೆ ಕಪಟ. ಮೈಗೆ ನಾಟಿ ಒಳಗೇ ಮುರಿದ ಮುಳ್ಳಿನಂತೆ ಬಚ್ಚಿಟ್ಟ ಬೆಲೆ ಕೀವು ಕಟ್ಟುತ್ತದೆ. ಎತ್ತು ಕೊಂಡ ಸಂತೋಷ ಅರ್ಧಕ್ಕೆ ಇಳಿಯುವುದು ಖರ್ಚಿನಿಂದಲ್ಲ, ಮನೆಯಲ್ಲಿ ಅದರ ಮಾತೆದ್ದಾಗಲೆಲ್ಲ ಎದೆ ಝಲ್ಲೆನ್ನುವುದರಿಂದ.

"ದುಡಿದವನು ನಾನು, ಖರ್ಚು ಮಾಡುವವನೂ ನಾನು" ಎಂಬುದು ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಸಮರ್ಥನೆ. ಹೊಗೆಸೊಪ್ಪಿನ ಎಲೆ ಮುರಿದು, ಕೋಲಿಗೆ ಕಟ್ಟಿ, ಬ್ಯಾರನ್ನಿನ ಬೆಂಕಿ ಆರದಂತೆ ರಾತ್ರಿಯೆಲ್ಲ ಕಾಯುವ ಮನೆಯಲ್ಲಿ ಹರಾಜಿನ ಹಣ ಒಬ್ಬನ ದುಡಿಮೆಯೆಂದು ಹೇಗೆ ಹೇಳುವುದು? ಎತ್ತಿನ ಶೋಕಿ ಗಂಡನದು. ಕೊಟ್ಟಿಗೆಯ ಸೆಗಣಿ ಬಾಚುವುದು, ಕಲಗಚ್ಚು ಇಡುವುದು, ಅವನು ಊರಿಗೆ ಹೋದಾಗ ಹುಲ್ಲು ತರುವುದು ಹೆಂಡತಿಯದು. ಆ ಕೂಲಿ ಯಾವ ಲೆಕ್ಕದ ಪುಸ್ತಕದಲ್ಲಿಯೂ ಇಲ್ಲ. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು ಅದತ್ತಾದಾನ. ಮನೆಯ ಹಣವನ್ನು ಮನೆಯವರನ್ನು ಕೇಳದೆ ತೆಗೆದುಕೊಂಡದ್ದು ಲೋಕದ ಕಣ್ಣಿಗೆ ಕಳವಲ್ಲದಿರಬಹುದು, ಆದರೆ ಕೊಡುವ ಕೈಯನ್ನೇ ಕೇಳದೆ ಪಡೆದದ್ದರಲ್ಲಿ ಅದರ ಅಂಶವಿಲ್ಲವೆಂದು ಎದೆ ಮುಟ್ಟಿ ಹೇಳುವುದು ಕಷ್ಟ. ಮಗಳ ಫೀಸಿಗೆಂದು ಎತ್ತಿಟ್ಟದ್ದನ್ನೋ ಹೆಂಡತಿಯ ಸ್ತ್ರೀಶಕ್ತಿ ಸಂಘದ ಸಾಲವನ್ನೋ ತಿರುಗಿಸಿದ್ದರೆ ಅದು ಇನ್ನೂ ಸ್ಪಷ್ಟ. ಒಪ್ಪಿಸಿದ ನಿಧಿಯನ್ನು ನುಂಗುವ ನ್ಯಾಸಾಪಹಾರವನ್ನು ಸತ್ಯಾಣುವ್ರತದ ಅತಿಚಾರಗಳಲ್ಲಿಯೇ ಎಣಿಸಲಾಗಿದೆ.

ಇನ್ನೊಂದು ಸಮರ್ಥನೆ "ಇದು ಖರ್ಚಲ್ಲ, ಬಂಡವಾಳ" ಎಂಬುದು. ಬೆಳೆದ ಜೋಡಿಗೆ ಒಳ್ಳೆಯ ಬೆಲೆ ಬರುವುದುಂಟು, ನಿಜ. ಆದರೆ ಮಾರುವ ದಿನ ಬಂದಾಗ ಮಾರಲು ಮನಸ್ಸು ಬಾರದವನು ಅದನ್ನು ಬಂಡವಾಳವೆನ್ನಬಾರದು. ಪ್ರೀತಿಯನ್ನು ಪ್ರೀತಿಯೆಂದೇ ಹೇಳಿದರೆ ಮನೆಯವರು ಒಪ್ಪುವ ಸಂಭವವಾದರೂ ಇದೆ. ಅದಕ್ಕೆ ವ್ಯಾಪಾರದ ವೇಷ ಹಾಕಿದರೆ ಲೆಕ್ಕದಲ್ಲಿ ಸೋಲುವುದು ಖಂಡಿತ. ದೊಡ್ಡವರ ಹೆಸರನ್ನು ಅಡ್ಡ ತರುವುದೂ ಸಲ್ಲದು. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿದಳು, ಒಂದೂವರೆ ಸಾವಿರ ಜಿನಬಿಂಬಗಳನ್ನು ಮಾಡಿಸಿದಳು. ಅದು ಅಪಾರ ವೆಚ್ಚ. ಆದರೆ ಆ ಪ್ರತಿಗಳು ಆಕೆಯ ಮನೆಯ ಪೆಟ್ಟಿಗೆ ಸೇರಲಿಲ್ಲ, ಓದುವವರ ಕೈ ಸೇರಿದವು. ಹೊರಗೆ ಹರಿಯುವ ವೆಚ್ಚಕ್ಕೂ ಹಟ್ಟಿಯಲ್ಲಿ ಕಟ್ಟಿಕೊಳ್ಳುವ ವೆಚ್ಚಕ್ಕೂ ಇರುವ ಅಂತರವನ್ನು ಒಪ್ಪಿಕೊಳ್ಳುವುದು ಪ್ರಾಮಾಣಿಕತೆ.

ಹಾಗೆಂದು ತೂಕವೆಲ್ಲ ಒಂದೇ ತಟ್ಟೆಗೆ ಬೀಳಬಾರದು. ಅನೇಕಾಂತವು ಮನೆಯವರಿಗೂ ಅನ್ವಯಿಸುತ್ತದೆ. ಹಳ್ಳಿಕಾರ್ ತಳಿ ಇಂದಿಗೂ ಉಳಿದಿರುವುದರಲ್ಲಿ ಲಾಭ ನೋಡದೆ ಸಾಕಿದ ಇಂಥ ಶೋಕಿದಾರರ ಪಾಲೂ ಇದೆ. ಎತ್ತಿನ ಮೈ ತೊಳೆಯುವ ಹೊತ್ತಿನಲ್ಲಿ ಕುಡಿತಕ್ಕೂ ಇಸ್ಪೀಟಿಗೂ ಹೋಗದೆ ಉಳಿದವನ ಸಂಯಮವೂ ಲೆಕ್ಕಕ್ಕೆ ಬರಬೇಕು. ಗಂಡನ ಎತ್ತನ್ನು ಹಳಿಯುವವರು ಬೀರುವಿನ ಒಡವೆಯನ್ನೂ ಮಗನ ಮೊಬೈಲನ್ನೂ ಅದೇ ತಕ್ಕಡಿಯಲ್ಲಿಡಬೇಕು. ಆಲೋಚನೆಯನ್ನು ಕೇಳುವ ಆಚಾರ್ಯನಿಗೂ ಶಾಸ್ತ್ರವು ಗುಣಗಳನ್ನು ವಿಧಿಸಿದೆ. ಅವನು ಆಯಾಪಾಯದರ್ಶಿಯಾಗಿರಬೇಕು, ಎಂದರೆ ಲಾಭಹಾನಿಗಳೆರಡನ್ನೂ ತೋರಿಸಬಲ್ಲವನಾಗಿರಬೇಕು. ಅಪರಿಸ್ರಾವಿಯಾಗಿರಬೇಕು, ಎಂದರೆ ಕೇಳಿದ್ದನ್ನು ಹೊರಗೆ ಸೋರಗೊಡದವನಾಗಿರಬೇಕು. ಗಂಡ ನಿಜವಾದ ಬೆಲೆಯನ್ನು ಹೇಳಿದ ಮರುದಿನವೇ ಅದು ತವರುಮನೆಯಲ್ಲಿಯೂ ಮದುವೆಯ ಚಪ್ಪರದಲ್ಲಿಯೂ ಮಾತಾದರೆ ಅವನು ಮುಂದಿನ ಸಲ ಹತ್ತು ದೋಷಗಳಲ್ಲಿ ಒಂದನ್ನು ಆರಿಸಿಕೊಳ್ಳುತ್ತಾನೆ. ಸುಳ್ಳಿಗೆ ಹೇಳಿದವನಷ್ಟೇ ಕೇಳಿದವರೂ ಕೆಲವೊಮ್ಮೆ ಕಾರಣರು.

ಹುಣಸೂರು ತಾಲ್ಲೂಕಿನ ಗೊಮ್ಮಟಗಿರಿಯಲ್ಲಿ ಬಂಡೆಯ ಮೇಲೆ ನಿಂತ ಬಾಹುಬಲಿ ಎಲ್ಲವನ್ನೂ ಗೆದ್ದ ಮೇಲೆ ಎಲ್ಲವನ್ನೂ ಬಿಟ್ಟವನು. ಅಷ್ಟು ಬಿಟ್ಟವನಿಗೂ, ತಾನು ನಿಂತ ನೆಲ ಅಣ್ಣನದೆಂಬ ಒಂದು ಮುಳ್ಳು ಉಳಿದು ಕೇವಲಜ್ಞಾನವನ್ನು ತಡೆಯಿತೆಂದು ಪರಂಪರೆ ಹೇಳುತ್ತದೆ. ಗೃಹಸ್ಥನಿಂದ ಅಂಥ ತ್ಯಾಗವನ್ನು ಯಾರೂ ಬೇಡುವುದಿಲ್ಲ. ಮುಳ್ಳನ್ನು ತೆಗೆಯುವುದು ಮಾತ್ರ ಅವನಿಗೂ ಸಾಧ್ಯ.

ಅದಕ್ಕೊಂದು ಕಾಲವೂ ಅನುಕೂಲವಾಗಿ ಒದಗಿದೆ. ಭಾದ್ರಪದದ ದಶಲಕ್ಷಣ ಪರ್ವ ಬರುವುದು ಸಂಕ್ರಾಂತಿಯ ಜಾತ್ರೆಗೆ ತಿಂಗಳುಗಳ ಮುಂಚೆ, ಹೊಗೆಸೊಪ್ಪಿನ ಹಣವಿನ್ನೂ ಪೂರ್ತಿ ಕೈಗೆ ಬಾರದ ಹೊತ್ತಿನಲ್ಲಿ. ಪರ್ವದ ಮೂರನೆಯ ದಿನ ಉತ್ತಮ ಆರ್ಜವದ್ದು, ಋಜುತ್ವದ್ದು. ಅಂದು ಸಂಜೆ ಮನೆಯವರನ್ನೆಲ್ಲ ಕೂರಿಸಿಕೊಂಡು ಒಂದು ಹಾಳೆಯಲ್ಲಿ ಮೊದಲು ಫೀಸು, ಔಷಧ, ಸಾಲದ ಕಂತು ಬರೆಯಲಿ. ಆಮೇಲೆ ದಾನಕ್ಕೆಂದು ಒಂದು ಪಾಲು ಬರೆಯಲಿ. ಉಳಿದುದರಲ್ಲಿ ಎತ್ತಿಗೆ ಎಷ್ಟು, ಕೊಟ್ಟಿಗೆಯ ಕೆಲಸ ಯಾರದು ಎಂಬುದನ್ನು ಎಲ್ಲರ ಬಾಯಿಂದ ಕೇಳಿ ಬರೆಯಲಿ. ಬೆಲೆ ಆ ಮಿತಿಯನ್ನು ಮೀರಿದರೆ ಜಾತ್ರೆಯಿಂದ ಬರಿಗೈಯಲ್ಲಿ ಮರಳುವ ಮಾತನ್ನೂ ಅಲ್ಲಿಯೇ ಕೊಡಲಿ. ಮುಂಚೆ ಹೇಳಿದ್ದು ವ್ರತವಾಗುತ್ತದೆ, ಕೊಂಡ ಮೇಲೆ ಹೇಳಿದ್ದು ಸಬೂಬಾಗುತ್ತದೆ. ಆ ಹಾಳೆಯಿದ್ದ ಮನೆಗೆ ಚುಂಚನಕಟ್ಟೆಯಿಂದ ಜೋಡಿ ಬಂದರೆ ಆರತಿ ಎತ್ತಲು ಹೆಂಡತಿಯೇ ಬಾಗಿಲಿಗೆ ಬರುತ್ತಾಳೆ. ಬಾರದಿದ್ದರೂ ಮಗಳ ಫೀಸು ಕಟ್ಟಿರುತ್ತದೆ.