ಭಾನುವಾರದ ಓಟಕ್ಕೆ ದಾರಿ ಎಲ್ಲಿದೆ?

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಹಳ್ಳಿಗಳಲ್ಲಿ ಭಾನುವಾರ ಬೆಳಕು ಹರಿಯುವ ಮೊದಲೇ ಆರೆಂಟು ಗೆಳೆಯರ ಗುಂಪು ಓಟಕ್ಕೆ ಹೊರಡುವುದು ಈಗ ಅಪರೂಪದ ನೋಟವಲ್ಲ. ಅವರಲ್ಲಿ ಹೆಚ್ಚಿನವರು ಸೈನ್ಯದ ಅಥವಾ ಪೊಲೀಸ್ ಇಲಾಖೆಯ ನೇಮಕಾತಿಯನ್ನು ಎದುರು ನೋಡುತ್ತಿರುವ ರೈತ ಕುಟುಂಬಗಳ ಮಕ್ಕಳು. ಕೆಲವರು ಕಾಲೇಜು ವಿದ್ಯಾರ್ಥಿಗಳು. ಒಬ್ಬಿಬ್ಬರು ವಾರಾಂತ್ಯಕ್ಕೆ ಬೆಂಗಳೂರಿನಿಂದ ಊರಿಗೆ ಬಂದವರು. ರಾಜ್ಯದ ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಗೆ ಯುವಕರು 1600 ಮೀಟರ್ ದೂರವನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಬೇಕು. 2022ರಲ್ಲಿ ಜಾರಿಗೆ ಬಂದ ಅಗ್ನಿಪಥ ಯೋಜನೆಯ ಭರ್ತಿಯಲ್ಲಿ 1.6 ಕಿಲೋಮೀಟರನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದವರಿಗೆ ಪೂರ್ಣ 60 ಅಂಕ. ಆ ನೌಕರಿ ಬಹುಪಾಲು ಹುಡುಗರಿಗೆ ನಾಲ್ಕೇ ವರ್ಷದ್ದೆಂಬುದು ಬೇರೆ ಮಾತು. ಹತ್ತು ಸೆಕೆಂಡಿನ ಅಂತರದಲ್ಲಿ ಒಂದು ಮನೆಯ ಭರವಸೆ ತೂಗುತ್ತಿರುವಾಗ ಈ ಓಟವನ್ನು ಪೇಟೆಯವರ ಹವ್ಯಾಸವೆಂದು ಬದಿಗೆ ಸರಿಸಲಾಗದು.

ಸಮತಟ್ಟಾದ ಮೈದಾನಕ್ಕಿಂತ ಗುಡ್ಡದ ದಾರಿಯೇ ಒಳ್ಳೆಯ ಗುರು ಎಂಬುದು ಈ ಗುಂಪುಗಳ ಅನುಭವ. ಅದು ಸರಿಯೂ ಹೌದು. ಏರುವಾಗ ವೇಗ ತಗ್ಗಿದರೂ ಹೃದಯ, ಶ್ವಾಸಕೋಶಗಳಿಗೆ ತುಂಬು ದುಡಿಮೆ ದೊರೆಯುತ್ತದೆ. ಪಾದ ನೆಲಕ್ಕೆ ಬಡಿಯುವ ಪೆಟ್ಟೂ ಕಡಿಮೆ. ತೊಂದರೆಯಿರುವುದು ಇಳಿಯುವಾಗ. ಇಳಿಜಾರಿನಲ್ಲಿ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ದೇಹದ ಭಾರವನ್ನು ತಡೆದು ಹಿಡಿಯಬೇಕಾಗುತ್ತದೆ. ಅದರ ಎಳೆಗಳಲ್ಲಿ ಸೂಕ್ಷ್ಮ ಸೀಳುಗಳು ಉಂಟಾಗುತ್ತವೆ. ನೋವು ಆ ದಿನ ಕಾಣದೆ ಮರುದಿನ, ಮೂರನೆಯ ದಿನ ಏರಿ, ವಾರದೊಳಗೆ ತಾನಾಗಿಯೇ ಇಳಿಯುತ್ತದೆ. ಒಮ್ಮೆ ಹದವಾಗಿ ಪಳಗಿದ ಸ್ನಾಯು ಮುಂದಿನ ಕೆಲವು ವಾರ ಅದೇ ಇಳಿಜಾರನ್ನು ಹಗುರವಾಗಿ ತಾಳಿಕೊಳ್ಳುತ್ತದೆ. ಆದ್ದರಿಂದ ಪಂತ ಕಟ್ಟಿ ಇಳಿಯುವುದಕ್ಕಿಂತ ಹೆಜ್ಜೆಯನ್ನು ಚಿಕ್ಕದು ಮಾಡಿ ಇಳಿಯುವುದು ಜಾಣತನ. ನೋವಿನ ಈ ಲೆಕ್ಕವನ್ನು ಓಡುವವರು ನೆನಪಿನಲ್ಲಿಡಬೇಕು. ಅದು ಬೇರೊಂದು ಕಾರಣಕ್ಕೂ ಬೇಕಾಗುತ್ತದೆ.

ಆದರೆ ಓಡುವುದೆಲ್ಲಿ? ಗುಡ್ಡ, ಕೆರೆ, ಕಾನುಗಳ ನಡುವೆ ಹುಟ್ಟಿ ಬೆಳೆದ ಹುಡುಗರು ಓಡುತ್ತಿರುವುದು ಬಹುಮಟ್ಟಿಗೆ ಡಾಂಬರು ರಸ್ತೆಯ ಅಂಚಿನಲ್ಲಿ. ಮುಂಜಾನೆಯ ಮಂಜಿನಲ್ಲಿ ಲಾರಿಗಳ ದೀಪಕ್ಕೆ ಕಣ್ಣು ಕೋರೈಸಿಕೊಂಡು, ಸಾಲಾಗಿ, ಜೀವ ಕೈಯಲ್ಲಿ ಹಿಡಿದು ಓಡುತ್ತಾರೆ. ಇದಕ್ಕೆ ಅವರ ಉಡಾಫೆ ಕಾರಣವಲ್ಲ. ಕೆರೆಯ ಏರಿಯ ಮೇಲಿದ್ದ ದಾರಿ ಅಡಿಕೆ ತೋಟದ ಬೇಲಿಯೊಳಗೆ ಸೇರಿದೆ. ಗೋಮಾಳದ ಬಯಲಿನಲ್ಲಿ ಶುಂಠಿಯ ಮಡಿಗಳು ಎದ್ದಿವೆ. ಗುಡ್ಡದ ಬಂಡಿದಾರಿ ಅಕೇಶಿಯಾ ನೆಡುತೋಪಿನ ಕಂದಕಕ್ಕೆ ಬಂದು ನಿಲ್ಲುತ್ತದೆ. ಎಲ್ಲ ಊರಿನಲ್ಲಿಯೂ ಹೀಗೆಯೇ ಎಂದಲ್ಲ, ಆದರೆ ಹೀಗಾಗದ ಊರನ್ನು ಹುಡುಕಬೇಕಾಗಿದೆ. ಸೊರಬವಂತೂ ಕೆರೆಗಳ ಸಂಖ್ಯೆಗೆ ಹೆಸರಾದ ತಾಲ್ಲೂಕು. ಅಲ್ಲಿ ಏರಿಯ ಮೇಲೆ ಓಡಲು ಜಾಗವಿಲ್ಲವೆಂದರೆ ಅದು ಕ್ರೀಡೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ, ನೆಲದ ಪ್ರಶ್ನೆಯಾಗುತ್ತದೆ.

ಈ ದಾರಿಗಳು ಯಾರೋ ಕೊಟ್ಟ ದಾನವಲ್ಲ. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬ ತಾಲ್ಲೂಕಿನ ಕಾನುಗಳ ಕುರಿತು ಸಲ್ಲಿಸಿದ ವರದಿಯಲ್ಲಿ 171 ಕಾನುಗಳು, ಸುಮಾರು 13,000 ಹೆಕ್ಟೇರ್ ವಿಸ್ತೀರ್ಣದಲ್ಲಿ ದಾಖಲಾಗಿವೆ. ಆ ನಿತ್ಯಹರಿದ್ವರ್ಣ ತೋಪುಗಳಿಂದ ಜನ ಕಾಳುಮೆಣಸು, ಜೇನು, ಸೊಪ್ಪು ತರುತ್ತಿದ್ದರು. ದೇವರ ಹೆಸರಿನಲ್ಲಿ ಕಾಯುತ್ತಲೂ ಇದ್ದರು. ಹೋಗಿ ಬರುವ ಕಾಲುಗಳೇ ದಾರಿ ಮಾಡಿದವು. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 79ನೆಯ ವಿಧಿಯು ಕಾನು ಮತ್ತು ಸೊಪ್ಪಿನಬೆಟ್ಟಗಳಲ್ಲಿ ರೂಢಿಯಿಂದ ಬಂದ ಸವಲತ್ತುಗಳನ್ನು ಮುಂದುವರಿಸಿತು. ಗ್ರಾಮ ನಕಾಶೆಗಳಲ್ಲಿ ಬಂಡಿದಾರಿ, ಕಾಲುದಾರಿಗಳು ಇಂದಿಗೂ ಗೆರೆಯಾಗಿ ಉಳಿದಿವೆ. ನೆಲದ ಮೇಲೆ ಅಳಿಸಿಹೋದದ್ದು ಕಾಗದದ ಮೇಲೆ ಅಳಿದಿಲ್ಲ.

ಹಾಗೆಂದು ರಸ್ತೆ ಬಿಟ್ಟು ಕಾಡೊಳಗೆ ಓಡಿರೆಂದು ಹೇಳಿಬಿಡಲು ಬಾರದು. 1957ರಲ್ಲಿ ಇದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲಿನ ಜನ ಜ್ವರದಿಂದ ನರಳಿದರು. ಆ ಕಾಡಿನ ಹೆಸರನ್ನೇ ಹೊತ್ತು ಲೋಕದ ವೈದ್ಯಗ್ರಂಥಗಳಲ್ಲಿ ಸೇರಿದ ರೋಗವನ್ನು ಮಲೆನಾಡು ಮಂಗನ ಕಾಯಿಲೆಯೆಂದು ಕರೆಯುತ್ತದೆ. ವೈರಾಣುವನ್ನು ದಾಟಿಸುವುದು ಉಣುಗು. ರೋಗಿಯಿಂದ ನೇರವಾಗಿ ಇನ್ನೊಬ್ಬರಿಗೆ ಹರಡುವ ಕಾಯಿಲೆ ಇದಲ್ಲ. ಸಾಸಿವೆಯಷ್ಟು ಸಣ್ಣದಾದ ಮರಿ ಉಣುಗುಗಳು ನವೆಂಬರಿನಿಂದ ಮೇ ತಿಂಗಳವರೆಗೆ, ಅದರಲ್ಲಿಯೂ ಜನವರಿಯಿಂದ ಮಾರ್ಚ್ ಅವಧಿಯಲ್ಲಿ, ತರಗೆಲೆಯ ಮೇಲೆ ಮತ್ತು ಕುರುಚಲಿನ ತುದಿಯಲ್ಲಿ ಆತುಕೊಳ್ಳಲು ಕಾದಿರುತ್ತವೆ. ದನಕರು ಓಡಾಡುವ ಜಾಡಿನಲ್ಲಿ ಅವುಗಳ ಕಾಟ ಹೆಚ್ಚು. ಓಟಕ್ಕೆ ಹಿತವಾದ ಚಳಿಯ ಮುಂಜಾನೆಗಳು, ಉಣುಗಿನ ತಿಂಗಳುಗಳು, ಕಾಡೊಳಗೆ ಓಡಲು ಅನುಕೂಲವಾದ ದನದ ಜಾಡು ಮೂರೂ ಒಂದೆಡೆ ಕೂಡುತ್ತವೆ. ಅದರ ಮೇಲೆ ಓಡುವವನ ಕಾಲು ಮೊಣಕಾಲಿನವರೆಗೆ ಬರಿದು.

ಇಲ್ಲಿಯೇ ನೋವಿನ ಲೆಕ್ಕ ಮುಖ್ಯವಾಗುವುದು. ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಮಂಗನ ಕಾಯಿಲೆ ಹಠಾತ್ ಜ್ವರ, ತೀವ್ರ ತಲೆನೋವು ಮತ್ತು ಮೈಕೈ ಮುರಿಯುವಂಥ ಸ್ನಾಯು ನೋವಿನೊಂದಿಗೆ ತೊಡಗುತ್ತದೆ. ಭಾನುವಾರ ಗುಡ್ಡ ಇಳಿದು ಬಂದ ಹುಡುಗ ಗುರುವಾರ ತೊಡೆ ಹಿಡಿದು ಕುಳಿತರೆ ಮನೆಯವರು ಓಟದ ನೋವೆಂದೇ ತಿಳಿಯುವುದು ಸಹಜ. ಓಟದ ನೋವಿಗೆ ಜ್ವರವಿಲ್ಲ. ಅದು ದಿನದಿಂದ ದಿನಕ್ಕೆ ಇಳಿಯುತ್ತದೆ. ಜ್ವರದೊಡನೆ ಏರುತ್ತಿರುವ ನೋವಿಗೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ತಾನಾಗಿಯೇ ಹೇಳಬೇಕು. ಅಂಗಡಿಯಿಂದ ಆಸ್ಪಿರಿನ್, ಐಬುಪ್ರೊಫೆನ್‌ನಂಥ ಮಾತ್ರೆ ತಂದು ನುಂಗುವುದು ಸಲ್ಲದು. ರಕ್ತಸ್ರಾವದ ಸಾಧ್ಯತೆಯಿರುವ ಈ ಜ್ವರದಲ್ಲಿ ಅವು ಅಪಾಯವನ್ನು ಹೆಚ್ಚಿಸುತ್ತವೆ. ಇದನ್ನು ಬುಡಸಹಿತ ತೆಗೆಯುವ ಔಷಧಿ ಇನ್ನೂ ಇಲ್ಲ, ಸಕಾಲದ ಶುಶ್ರೂಷೆಯೇ ಜೀವ ಉಳಿಸುವುದು. ದಶಕಗಳ ಕಾಲ ಹಾಕುತ್ತಿದ್ದ ಹಳೆಯ ಲಸಿಕೆಯ ಪರಿಣಾಮ ಸಾಲದೆಂದು ಅದನ್ನು ನಿಲ್ಲಿಸಲಾಗಿದೆ. ಆದ್ದರಿಂದ ಡೆಪಾ ತೈಲ, ಉದ್ದ ಕಾಲುಚೀಲ, ಓಟ ಮುಗಿದೊಡನೆ ಬಿಸಿನೀರಿನ ಸ್ನಾನ, ಕಂಕುಳು, ಮೊಣಕಾಲ ಹಿಂಬದಿಗಳ ತಪಾಸಣೆ, ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಸುವುದು ಇವಿಷ್ಟೇ ಸದ್ಯದ ರಕ್ಷಣೆ. ಸತ್ತ ಮಂಗ ಕಂಡರೆ ಆ ದಾರಿಯನ್ನು ಅಲ್ಲಿಗೇ ಬಿಟ್ಟು ಆರೋಗ್ಯ ಕಾರ್ಯಕರ್ತೆಗೆ ತಿಳಿಸಬೇಕು.

ಕಾಡನ್ನೇ ಶತ್ರುವೆಂದು ಬಗೆಯುವವರಿಗೆ ಈ ರೋಗ ಒಂದು ನೆಪವಾಗಿಬಿಡುವುದೂ ಉಂಟು. ದಟ್ಟ ಕಾನು ಇದ್ದುದರಿಂದ ಕಾಯಿಲೆ ಬಂತೆಂಬುದು ಅರ್ಧ ತಿಳಿವಳಿಕೆ. ಕಾಡು ಒಡೆದು, ಅಂಚು ಹೆಚ್ಚಿ, ಆ ಅಂಚಿನಲ್ಲಿ ಕುರುಚಲು ಬೆಳೆದು ಮನುಷ್ಯ, ದನ, ಮಂಗಗಳು ಒಂದೇ ಜಾಡಿಗೆ ಬಂದಾಗಲೇ ಅಪಾಯ ಹೆಚ್ಚುತ್ತದೆ. 1982-83ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ದೊಡ್ಡ ಪ್ರಮಾಣದಲ್ಲಿ ಕಾಯಿಲೆ ಎದ್ದದ್ದು ಗೇರು ತೋಟಕ್ಕಾಗಿ ಕಾಡು ಸವರಿದ ಪ್ರದೇಶದಲ್ಲಿ.

ಮಣ್ಣಿನ ಮಾತನ್ನೂ ಹೇಳಬೇಕು. ಚಂದ್ರಗುತ್ತಿಯ ಬೆಟ್ಟವಿರಲಿ, ಊರ ಹಿಂದಿನ ಹೆಸರಿಲ್ಲದ ಗುಡ್ಡವಿರಲಿ, ಹಿರಿಯರ ದಾರಿ ಓರೆಯಾಗಿ ಬಳಸಿ ಏರುತ್ತದೆ. ದನ ಕೂಡ ಹಾಗೆಯೇ ಏರುತ್ತದೆ. ಸಮಯ ಉಳಿಸಲು ನೆಟ್ಟಗೆ ಇಳಿಯುವ ಓಟಗಾರರ ಅಡ್ಡದಾರಿ ಒಂದೇ ಮಳೆಗಾಲದಲ್ಲಿ ಕೊರಕಲಾಗುತ್ತದೆ. ಕಾಲು ಮೆಟ್ಟಿ ಗಟ್ಟಿಯಾದ ಜಂಬಿಟ್ಟಿಗೆ ಮಣ್ಣಿನಲ್ಲಿ ನೀರು ಇಂಗದೆ ಮೇಲುಮಣ್ಣನ್ನು ಕೊಚ್ಚಿಕೊಂಡು ಕೆಳಗಿನ ಕೆರೆಗೆ ಹೂಳಾಗಿ ತರುತ್ತದೆ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಚಾರಣಿಗರು ನುಗ್ಗಿದ ಬಳಿಕ ಸರಕಾರ ಚಾರಣವನ್ನು ಕೆಲಕಾಲ ತಡೆದು ಮುಂಗಡ ನೋಂದಣಿಯ ಕಟ್ಟು ತಂದಿತು. ಊರ ಗುಡ್ಡಕ್ಕೆ ಅಂಥ ಎಣಿಕೆಯವರು ಯಾರೂ ಇಲ್ಲ. ಓಡುವ ಎಂಟು ಜನರೇ ತಮ್ಮ ಹೆಜ್ಜೆಯನ್ನು ಎಣಿಸಿಕೊಳ್ಳಬೇಕು. ಗುಡವಿಯ ಪಕ್ಷಿಧಾಮದ ಸುತ್ತ ಮಳೆಗಾಲದಲ್ಲಿ ಹಕ್ಕಿಗಳು ಗೂಡು ಕಟ್ಟಿರುವಾಗ ಸಂಗೀತ ಹಾಕಿಕೊಂಡು ಓಡುವುದು ಬೇಡವೆಂದು ಬೇರೆ ಹೇಳಬೇಕಾಗಿಲ್ಲ.

ಈ ಗುಂಪುಗಳಲ್ಲಿ ಹುಡುಗಿಯರು ಕಡಿಮೆ. ಪೊಲೀಸ್ ಭರ್ತಿಗೆ ಅವರಿಗೂ 400 ಮೀಟರನ್ನು 2 ನಿಮಿಷದಲ್ಲಿ ಮುಗಿಸುವ ಪರೀಕ್ಷೆಯಿದೆ. ನಸುಕಿನ ಹೆದ್ದಾರಿಗೆ ಮಗಳನ್ನು ಕಳಿಸಲು ಯಾವ ತಾಯಿಗೂ ಧೈರ್ಯ ಸಾಲದು. ಮನೆಯಿಂದ ಕಾಣುವ ಕೆರೆ ಏರಿಯ ಮೇಲೆ ಓಡಲು ಕಳಿಸಿಯಾಳು. ಶಿಕಾರಿಪುರ ತಾಲ್ಲೂಕಿನ ಉಡುತಡಿ ಅಕ್ಕಮಹಾದೇವಿಯ ಊರು. ಒಬ್ಬಂಟಿಯಾಗಿ ದೂರದ ಶ್ರೀಶೈಲಕ್ಕೆ ನಡೆದು ಹೋದ ಹೆಣ್ಣಿನ ನಾಡಿನಲ್ಲಿ ಹೆಣ್ಣುಮಕ್ಕಳ ಅಭ್ಯಾಸಕ್ಕೆ ಅರ್ಧ ಕಿಲೋಮೀಟರ್ ನೆಮ್ಮದಿಯ ದಾರಿ ಕೇಳುವುದು ಅತಿಯಾಸೆಯೇ?

ಓಟದ ಗುಂಪುಗಳಿಂದಲೇ ಆಗಬಹುದಾದ ಒಂದು ಕೆಲಸವಿದೆ. ತಾಲ್ಲೂಕು ಕಚೇರಿಯಿಂದ ಗ್ರಾಮ ನಕಾಶೆಯ ಪ್ರತಿ ಪಡೆದು, ಅದರಲ್ಲಿರುವ ಪ್ರತಿಯೊಂದು ಬಂಡಿದಾರಿ, ಕಾಲುದಾರಿಯ ಮೇಲೆ ಸರದಿಯಂತೆ ಓಡಿ ನೋಡಲಿ. ಎಲ್ಲಿ ಬೇಲಿ, ಎಲ್ಲಿ ಕಂದಕ, ಎಲ್ಲಿ ತೋಟ ಅಡ್ಡ ಬಂತೆಂದು ಸರ್ವೆ ನಂಬರ್ ಸಹಿತ ಬರೆದು ಗ್ರಾಮಸಭೆಯ ಮುಂದಿಡಲಿ. ಬೇಲಿ ಹಾಕಿದವರು ಹೊರಗಿನವರಲ್ಲ, ಚಿಕ್ಕಪ್ಪನೋ ನೆರೆಮನೆಯವರೋ ಆಗಿರುತ್ತಾರೆ. ಆದ್ದರಿಂದ ಜಗಳಕ್ಕಿಂತ ಮೊದಲು ಮಾತು ಆಗಲಿ. ಈ ಕೆಲಸಕ್ಕೆ ಮಳೆಗಾಲವೇ ಒಳ್ಳೆಯದು, ಆಗ ಮರಿ ಉಣುಗಿನ ಕಾಟ ತಗ್ಗಿರುತ್ತದೆ. ಕಡಿದಾದ ಮಣ್ಣುದಾರಿಗಳನ್ನು ಮಾತ್ರ ಅಕ್ಟೋಬರಿಗೆ ಬಿಟ್ಟು, ಹುಲ್ಲು ಹಿಡಿದ ಏರಿಗಳಿಂದ ತೊಡಗಲಿ. ಇಂಬಳ ಕಚ್ಚುವುದು ಖಂಡಿತ. ಅದು ಮಂಗನ ಕಾಯಿಲೆ ತರುವುದಿಲ್ಲ, ಸುಣ್ಣ ಸೋಕಿಸಿದರೆ ಬಿಟ್ಟು ಬೀಳುತ್ತದೆ.